ಉಪ್ಸಾರಿನ ಸೀಮೆಯವರಿಗೆ ರಾಮೆನ್

ಜಪಾನಿನ ರಾಮೆನ್ ಅನ್ನು ನೂಡಲ್ಸಿನ ಒಂದು ಬಗೆ ಎಂದು ಪರಿಚಯಿಸುವುದು ರೂಢಿಯಾಗಿದ್ದರೂ ಅದನ್ನು ಸಾರಿನ ಒಂದು ಬಗೆ ಎಂದು ತಿಳಿಯುವುದೇ ಹೆಚ್ಚು ಸರಿ. ರಾಮೆನ್ ಅಂಗಡಿಯ ಬಾಣಸಿಗರು ಶ್ಯಾವಿಗೆಯನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ ಎತ್ತಿಬಿಡುತ್ತಾರೆ. ಆದರೆ ಆ ಶ್ಯಾವಿಗೆ ಮುಳುಗುವ ಸಾರಿಗಾಗಿ ಎಷ್ಟೋ ಗಂಟೆಗಳ ಮುಂಚೆಯೇ, ಕೆಲವೆಡೆ ಹಿಂದಿನ ದಿನವೇ, ಒಲೆ ಹೊತ್ತಿರುತ್ತದೆ, ಮತ್ತು ಗಿರಾಕಿಗಳು ಒಂದು ಅಂಗಡಿಯನ್ನು ಹೊಗಳುವುದೂ ತೆಗಳುವುದೂ ಬಹುಪಾಲು ಆ ಸಾರಿನ ಮೇಲೆಯೇ. ಈ ಸಂಗತಿ ಮನದಟ್ಟಾದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಬಯಲುಸೀಮೆಯ ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ, ಮಕ್ಕಳ ಒತ್ತಾಯಕ್ಕೆ ಮಣಿದು ಜಪಾನೀ ಹೋಟೆಲಿನಲ್ಲಿ ಕೂರುವ ಕುಟುಂಬಕ್ಕೆ ಅಲ್ಲಿನ ಮೆನು ಅಷ್ಟೇನೂ ದಿಕ್ಕುಗೆಡಿಸುವುದಿಲ್ಲ. ಸಾರಿನ ವಿಷಯದಲ್ಲಿ ಈ ಸೀಮೆಯವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ.

ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳು ರಾಗಿ, ಕಡಲೆಕಾಯಿ, ತೊಗರಿ, ಹುರುಳಿ ಬೆಳೆಯುವ, ಮಳೆಯನ್ನೇ ನಂಬಿದ ನೆಲ. ಇಲ್ಲಿಗೆ ನೂಡಲ್ಸ್ ಬಂದದ್ದು ಎರಡು ದಾರಿಗಳಲ್ಲಿ. ಒಂದು, ಸಂಜೆಯಾದರೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಿಲ್ಲುವ ತಳ್ಳುಗಾಡಿಗಳ ದಾರಿ. ಗೋಬಿ ಮಂಚೂರಿಯ ಜೊತೆಗೆ ಅದೇ ಬಾಣಲೆಯಲ್ಲಿ ಎಲೆಕೋಸು, ಸೋಯಾ ಸಾಸ್, ಚಿಲ್ಲಿ ಸಾಸ್ ಹಾಕಿ ನೂಡಲ್ಸ್ ಹುರಿದುಕೊಡುವ ಈ ಗಾಡಿಗಳ ಕೆಂಪು ಬಣ್ಣದ ಗೀಳು ಕೊನೆಗೆ ಸರ್ಕಾರದ ಗಮನಕ್ಕೂ ಬಂದು, 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ಇನ್ನೊಂದು, ಕಿರಾಣಿ ಅಂಗಡಿಯ ಪೊಟ್ಟಣದ ದಾರಿ. 1983ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮ್ಯಾಗಿ ಇಲ್ಲಿ ನೂಡಲ್ಸಿಗೆ ಪರ್ಯಾಯ ಪದವೇ ಆಗಿಹೋಯಿತು. ಅದರ ಬೆನ್ನಿಗೆ 1990ರ ದಶಕದ ಆರಂಭದಲ್ಲಿ ಬಂದ ಟಾಪ್ ರಾಮೆನ್ ಜಪಾನಿನ ನಿಸ್ಸಿನ್ ಕಂಪನಿಯದು, ಅದನ್ನು ತಯಾರಿಸುವ ಇಂಡೋ ನಿಸ್ಸಿನ್ ಕಾರ್ಖಾನೆ ಇರುವುದು ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ. ಹೀಗೆ ‘ರಾಮೆನ್’ ಎಂಬ ಹೆಸರು ಮೂರು ದಶಕಗಳಿಂದ ಪಾವಗಡದ ಪೆಟ್ಟಿಗೆ ಅಂಗಡಿಯಲ್ಲೂ ತೂಗುತ್ತಿದ್ದರೂ, ಆ ಹೆಸರಿನ ಮೂಲ ಪದಾರ್ಥ ಮಾತ್ರ ಈ ಎರಡೂ ದಾರಿಗಳಲ್ಲಿ ಬರಲಿಲ್ಲ. ತಳ್ಳುಗಾಡಿಯ ನೂಡಲ್ಸಿನಲ್ಲಿ ಸಾರೇ ಇಲ್ಲ, ಪೊಟ್ಟಣದ ನೂಡಲ್ಸಿನಲ್ಲಿ ಸಾರು ಒಂದು ಚಿಟಿಕೆ ಪುಡಿಯಾಗಿ ಕುಗ್ಗಿದೆ.

ಪೊಟ್ಟಣದ ನೂಡಲ್ಸನ್ನು ಕಂಡುಹಿಡಿದವರು ತೈವಾನಿನಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಮೊಮೊಫುಕು ಆಂದೊ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಕ್ಕಿಯ ಬರದಲ್ಲಿದ್ದ ಜಪಾನಿಗೆ ಅಮೆರಿಕದಿಂದ ಗೋಧಿ ಹಿಟ್ಟು ಬರುತ್ತಿದ್ದ ದಿನಗಳಲ್ಲಿ, ಒಸಾಕಾದ ಬೀದಿಯಲ್ಲಿ ಒಂದು ಬೋಗುಣಿ ರಾಮೆನ್‌ಗಾಗಿ ಜನ ಚಳಿಯಲ್ಲಿ ಸಾಲುಗಟ್ಟಿ ನಿಂತಿದ್ದನ್ನು ಕಂಡ ಅವರು, ಬೇಯಿಸಿದ ಶ್ಯಾವಿಗೆಯನ್ನು ಕಾದ ಎಣ್ಣೆಯಲ್ಲಿ ಕರಿದರೆ ಅದರ ನೀರು ಹಾರಿ ಒಣಗುತ್ತದೆ, ಮತ್ತೆ ಬಿಸಿನೀರು ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ ಎಂಬುದನ್ನು ಪ್ರಯೋಗಗಳಿಂದ ಕಂಡುಕೊಂಡು, 1958ರಲ್ಲಿ ಮೊದಲ ಸಿದ್ಧ ರಾಮೆನ್ ಅನ್ನು ಮಾರುಕಟ್ಟೆಗೆ ತಂದರು. ಅವರು ಕಂಡ ಸಾಲಿನ ಹಿಂದೆ ಅದಕ್ಕಿಂತ ಹಳೆಯ ಚರಿತ್ರೆಯಿದೆ. 1859ರಲ್ಲಿ ಯೊಕೊಹಾಮಾ ಬಂದರು ಹೊರನಾಡಿನವರಿಗೆ ತೆರೆದ ಮೇಲೆ ಅಲ್ಲಿ ನೆಲೆಸಿದ ಚೀನೀಯರ ಶ್ಯಾವಿಗೆ-ಸಾರೇ ರಾಮೆನ್‌ನ ಮೂಲ. ಆ ಬಂದರಿನಿಂದ ಚೀನೀ ಬಾಣಸಿಗರನ್ನು ಕರೆತಂದು 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ಶುರುವಾದ ರೈರೈಕೆನ್ ಎಂಬ ಅಂಗಡಿಯನ್ನು ಜಪಾನೀ ರಾಮೆನ್‌ನ ಆದಿ ಎಂದು ಎಣಿಸಲಾಗುತ್ತದೆ. ಜಪಾನಿನ ‘ಸಾಂಪ್ರದಾಯಿಕ’ ಊಟವೆಂದು ಹೊರಗಿನವರು ಭಾವಿಸುವ ಈ ತಿನಿಸು ಮೂಲದಲ್ಲಿ ಕೂಲಿಕಾರರ, ವಿದ್ಯಾರ್ಥಿಗಳ, ರಾತ್ರಿ ಪಾಳಿಯವರ ಅಗ್ಗದ ಊಟ.

ರಾಮೆನ್ ಬೋಗುಣಿಯ ರಚನೆಯನ್ನು ಅರಿಯಲು ಉಪ್ಸಾರಿನ ನೆನಪು ತುಂಬ ಸಹಾಯ ಮಾಡುತ್ತದೆ. ಸೊಪ್ಪು, ಕಾಳುಗಳನ್ನು ಉಪ್ಪು ಹಾಕಿ ಬೇಯಿಸಿ, ಬಸಿದ ಕಟ್ಟನ್ನು ಹಾಗೇ ಸಪ್ಪಗೆ ಉಳಿಸಿಕೊಂಡು, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರವನ್ನು ತಟ್ಟೆಯ ಬದಿಗೆ ಬೇರೆಯಾಗಿಯೇ ಇಟ್ಟು, ಉಣ್ಣುವ ಹೊತ್ತಿಗೆ ಎರಡನ್ನೂ ಕಲಸಿಕೊಳ್ಳುವುದು ಉಪ್ಸಾರಿನ ಕ್ರಮ. ಬಸ್ಸಾರಿನ ಹಾಗೆ ಇಲ್ಲಿ ಖಾರ ಸಾರಿನೊಳಗೇ ಕುದಿಯುವುದಿಲ್ಲ. ರಾಮೆನ್‌ನಲ್ಲೂ ಕುದಿಯುವ ಸಾರಿಗೆ ಹೆಚ್ಚುಕಡಿಮೆ ಉಪ್ಪನ್ನೇ ಹಾಕಿರುವುದಿಲ್ಲ. ‘ತಾರೆ’ ಎಂದು ಕರೆಯುವ ಗಟ್ಟಿಯಾದ, ಬಲು ಉಪ್ಪಿನ ಮಿಶ್ರಣವನ್ನು ಬೇರೆಯಾಗಿ ತಯಾರಿಸಿಟ್ಟುಕೊಂಡು, ಗಿರಾಕಿ ಕೇಳಿದಾಗ ಅದನ್ನು ಒಂದು ಸೌಟಿನಷ್ಟು ಬರಿಯ ಬೋಗುಣಿಯ ತಳಕ್ಕೆ ಹಾಕಿ, ಮೇಲೆ ಬಿಸಿ ಸಾರು ಹೊಯ್ದು, ಶ್ಯಾವಿಗೆ ಇಳಿಬಿಟ್ಟು, ಬೆಳ್ಳುಳ್ಳಿಯದೋ ಈರುಳ್ಳಿಯದೋ ಘಮವಿರುವ ಎಣ್ಣೆಯನ್ನು ಮೇಲೆ ತೇಲಿಸುತ್ತಾರೆ. ಹೀಗಾಗಿ ಒಂದೇ ಹಂಡೆಯ ಸಾರಿನಿಂದ ಮೂರು ನಾಲ್ಕು ರುಚಿಯ ರಾಮೆನ್ ಹೊರಡುವುದು ಸಾಧ್ಯವಾಗುತ್ತದೆ, ಮತ್ತು ಮೆನುವಿನ ಅರ್ಧದಷ್ಟು ಹೆಸರುಗಳು ಈ ತಾರೆಯ ಹೆಸರುಗಳೇ ಆಗಿರುತ್ತವೆ: ಸಮುದ್ರದ ಉಪ್ಪನ್ನು ಆಧರಿಸಿದ್ದು ಶಿಯೊ, ಸೋಯಾ ಸಾಸನ್ನು ಆಧರಿಸಿದ್ದು ಶೊಯು, ಬೇಯಿಸಿದ ಸೋಯಾ ಕಾಳಿಗೆ ಉಪ್ಪು ಮತ್ತು ‘ಕೋಜಿ’ ಎಂಬ ಬೂಷ್ಟು ಬೆಳೆಸಿದ ಧಾನ್ಯವನ್ನು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿದ ಮಿಸೊವನ್ನು ಆಧರಿಸಿದ್ದು ಮಿಸೊ ರಾಮೆನ್. ಈ ಕೊನೆಯದು 1950ರ ದಶಕದಲ್ಲಿ ಜಪಾನಿನ ಉತ್ತರ ತುದಿಯ ಸಪ್ಪೊರೊ ನಗರದಲ್ಲಿ ಹುಟ್ಟಿದ್ದು, ಹಿಮ ಬೀಳುವ ಊರಿಗೆ ತಕ್ಕಂತೆ ಜಿಡ್ಡೂ ಜೋರೂ ಹೆಚ್ಚು.

ಉಳಿದರ್ಧ ಹೆಸರುಗಳು ಸಾರಿನವು. ‘ತೊನ್‌ಕೊತ್ಸು’ ಎಂದಿದ್ದರೆ ಅದು ಹಂದಿಯ ಮೂಳೆಗಳನ್ನು ಹತ್ತು ಹನ್ನೆರಡು ಗಂಟೆ ಕಾಲ ಕೊತಕೊತನೆ ಕುದಿಸಿ ತೆಗೆದ, ಹಾಲಿನಂತೆ ಬೆಳ್ಳಗಿರುವ ಸಾರು. ಈ ಬಿಳುಪಿಗೆ ಹಾಲೂ ಕಾರಣವಲ್ಲ, ಕಾಯಿಯೂ ಕಾರಣವಲ್ಲ. ಮೂಳೆ, ಕೀಲು, ಚರ್ಮಗಳಲ್ಲಿರುವ ಕೊಲಾಜೆನ್ ಎಂಬ ನಾರಿನ ಪ್ರೋಟೀನು ಬಹಳ ಹೊತ್ತು ಬೆಂದಾಗ ಜೆಲಟಿನ್ ಎಂಬ ಅಂಟಾಗಿ ಕರಗುತ್ತದೆ, ಜೋರು ಕುದಿತದಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಆ ಹನಿಗಳು ಮತ್ತೆ ಒಂದುಗೂಡಿ ಮೇಲೆ ತೇಲದಂತೆ ಅಂಟು ತಡೆಯುತ್ತದೆ. ಅದೇ ಮೂಳೆಯನ್ನು ಸಣ್ಣ ಉರಿಯಲ್ಲಿ, ನೊರೆ ತೆಗೆಯುತ್ತ, ಕುದಿ ಜೋರಾಗದಂತೆ ಕಾಯಿಸಿದರೆ ತಿಳಿಯಾದ ಸಾರು ಬರುತ್ತದೆ. ದಕ್ಷಿಣ ಜಪಾನಿನ ಕುರುಮೆ ಎಂಬ ಊರಿನಲ್ಲಿ 1937ರ ಹೊತ್ತಿಗೆ ಹಂದಿಮೂಳೆಯ ರಾಮೆನ್ ಶುರುವಾಗಿದ್ದು, ಹತ್ತು ವರ್ಷಗಳ ಬಳಿಕ ಅದೇ ಊರಿನ ಇನ್ನೊಂದು ಅಂಗಡಿಯಲ್ಲಿ ಯಾರೋ ಒಲೆಯ ಉರಿ ತಗ್ಗಿಸಲು ಮರೆತದ್ದರಿಂದ ಬಿಳಿಯ ಸಾರು ಹುಟ್ಟಿತೆಂಬ ಪ್ರತೀತಿಯಿದೆ. ಹಂದಿ ಮಾಂಸ ಒಲ್ಲದವರಿಗೆ ಇದೇ ಕ್ರಮದಲ್ಲಿ ಕೋಳಿಯ ಮೂಳೆ, ಕಾಲುಗಳಿಂದ ತೆಗೆದ ‘ತೊರಿ ಪೈತಾನ್’ ಎಂಬ ಬಿಳಿ ಸಾರು ಸಿಗುತ್ತದೆ. ಕುರಿ ಸಾಕಣೆಗೆ ಹೆಸರಾದ ಶಿರಾ, ಪಾವಗಡ ಕಡೆಯ ಮನೆಗಳಲ್ಲಿ ಕಾಲು ಸೂಪನ್ನು ರಾತ್ರಿಯಿಡೀ ಕಾಯಿಸಿ ಕುಡಿದವರ ತುಟಿಗೆ ಅಂಟಿಕೊಳ್ಳುವುದೂ ಈ ಜೆಲಟಿನ್ನೇ.

ಮಾಂಸದ ಸಾರಿನ ಜೊತೆಗೆ ‘ದಾಶಿ’ ಎಂಬ ಇನ್ನೊಂದು ತಿಳಿಸಾರು ಸೇರುವುದುಂಟು. ಕೊಂಬು ಎಂಬ ಸಮುದ್ರ ಪಾಚಿಯನ್ನೂ, ‘ಕತ್ಸುಒಬುಶಿ’ ಎಂಬ ಹೊಗೆ ಹಾಕಿ ಒಣಗಿಸಿ ಮರದಂತೆ ಗಟ್ಟಿಯಾದ ಮೀನಿನ ಹೆರೆದ ಎಳೆಗಳನ್ನೂ ಬಿಸಿನೀರಿನಲ್ಲಿ ನೆನೆಸಿ ಇದನ್ನು ತೆಗೆಯುತ್ತಾರೆ. ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಏ ಇಕೆದಾ 1908ರಲ್ಲಿ ಈ ಕೊಂಬುವಿನಿಂದ ಗ್ಲುಟಾಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಸೇರದ ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು; ಅವರ ಶಿಷ್ಯ ಶಿಂತಾರೊ ಕೊದಾಮಾ 1913ರಲ್ಲಿ ಒಣಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ಪದಾರ್ಥವನ್ನು ಗುರುತಿಸಿದರು. ಇವೆರಡೂ ಒಂದೇ ಸಾರಿನಲ್ಲಿ ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಇಕೆದಾ ಅವರ ಸಂಶೋಧನೆಯಿಂದಲೇ ಅಜಿನೊಮೊಟೊ ಪುಡಿ ಹುಟ್ಟಿತು. ಈ ಪುಡಿಯ ವಿಚಾರವೂ ಸೇರಿ 2015ರಲ್ಲಿ ಎದ್ದ ಮ್ಯಾಗಿ ಗಲಾಟೆಯ ಬಳಿಕ ಆ ಹೆಸರು ಕೇಳಿದರೆ ಬೆಚ್ಚುವ ಪೋಷಕರು, ಟೊಮೇಟೊ, ಅಣಬೆಗಳಲ್ಲೂ ಇದೇ ಗ್ಲುಟಾಮೇಟ್ ಸಹಜವಾಗಿಯೇ ಇದೆ ಎಂಬುದನ್ನು ತಿಳಿದಿದ್ದರೆ ಒಳ್ಳೆಯದು.

ಶ್ಯಾವಿಗೆಯ ಗುಟ್ಟು ಕ್ಷಾರದಲ್ಲಿದೆ. ಗೋಧಿ ಹಿಟ್ಟು, ನೀರು, ಉಪ್ಪುಗಳ ಜೊತೆಗೆ ‘ಕಾನ್ಸುಯಿ’ ಎಂಬ ಕ್ಷಾರವನ್ನು, ಅಂದರೆ ಸೋಡಿಯಂ ಮತ್ತು ಪೊಟ್ಯಾಶಿಯಂ ಕಾರ್ಬೊನೇಟುಗಳ ಮಿಶ್ರಣವನ್ನು, ಸೇರಿಸಿ ನಾದುವುದರಿಂದ ಎಳೆ ಬಿಗಿಯಾಗಿ, ಪುಟಿಯುವಂತಾಗಿ, ಮೊಟ್ಟೆ ಹಾಕದಿದ್ದರೂ ನಸುಹಳದಿ ಬಣ್ಣ ಪಡೆಯುತ್ತದೆ. ಉದ್ದಿನ ಹಪ್ಪಳದ ಹಿಟ್ಟಿಗೆ ಹಾಕುವ ಹಪ್ಪಳದ ಖಾರವೂ ಇದೇ ಜಾತಿಯ ಕ್ಷಾರ. ಹಳೆ ಮೈಸೂರು ಸೀಮೆಯ ಅಕ್ಕಿಯ ಅಥವಾ ರಾಗಿಯ ಒತ್ತು ಶ್ಯಾವಿಗೆಯನ್ನು ನಾಟಿ ಕೋಳಿ ಸಾರಿನೊಂದಿಗೆ ಉಂಡವರು, ಅದನ್ನೇ ರಾಮೆನ್ ಎಂದು ಏಕೆ ಕರೆಯಬಾರದೆಂದು ಕೇಳಬಹುದು. ಅಕ್ಕಿ, ರಾಗಿಗಳಲ್ಲಿ ಗೋಧಿಯ ಗ್ಲುಟೆನ್ ಎಂಬ ಅಂಟು ಇಲ್ಲದ್ದರಿಂದ ಒತ್ತು ಶ್ಯಾವಿಗೆ ಬಿಸಿ ಸಾರಿನಲ್ಲಿ ಮುಳುಗಿದರೆ ಕ್ಷಣದಲ್ಲಿ ಮುರಿದು ಕರಗತೊಡಗುತ್ತದೆ. ಅದರ ಮೇಲೆ ಸಾರು ಹಾಕಿಕೊಳ್ಳಬೇಕೇ ಹೊರತು ಅದನ್ನು ಸಾರಿನೊಳಗೆ ಬಿಡಲಾಗದು. ರುಚಿಯಲ್ಲಿ ಯಾವುದು ಮೇಲೆಂಬ ಪ್ರಶ್ನೆ ಬೇರೆ, ಅದರ ತೀರ್ಪು ನಾಟಿ ಕೋಳಿಯ ಕಡೆಗೆ ವಾಲಿದರೆ ಆಶ್ಚರ್ಯವಿಲ್ಲ.

ಬೋಗುಣಿಯ ಮೇಲೆ ಅಲಂಕಾರದಂತೆ ಕಾಣುವ ಪದಾರ್ಥಗಳಲ್ಲಿ ಚಾಶು ಎಂಬುದು ಸೋಯಾ ಸಾಸಿನಲ್ಲಿ ನಿಧಾನವಾಗಿ ಬೇಯಿಸಿದ ಹಂದಿ ಮಾಂಸದ ಬಿಲ್ಲೆ, ಹೋಟೆಲುಗಳು ಕೇಳಿದರೆ ಅದಕ್ಕೆ ಬದಲಾಗಿ ಕೋಳಿಯನ್ನು ಕೊಡುವುದುಂಟು. ನೋರಿ ಎಂಬುದು ಕಾಗದದಂತೆ ಒಣಗಿಸಿದ ಸಮುದ್ರ ಪಾಚಿ. ಮೆನ್ಮಾ ಎಂಬುದು ಹುದುಗಿಸಿದ ಬಿದಿರಿನ ಮೊಳಕೆ, ಮಲೆನಾಡಿನವರ ಕಳಲೆ. ಹಳದಿ ಇನ್ನೂ ಅರೆಗಟ್ಟಿಯಾಗಿರುವಂತೆ ಬೇಯಿಸಿ ಸೋಯಾ ಸಾಸಿನಲ್ಲಿ ನೆನೆಸಿದ ಮೊಟ್ಟೆಯನ್ನು ಕಂಡು ಅಜ್ಜಿಯಂದಿರು ಬೆಂದಿಲ್ಲವೆಂದು ಬದಿಗೆ ಸರಿಸುವುದು ಸಾಮಾನ್ಯ, ಅದು ಉದ್ದೇಶಪೂರ್ವಕವೆಂದು ವಿವರಿಸಿದರೂ ಒಪ್ಪುವವರು ಕಡಿಮೆ.

ಈ ನಾಲ್ಕು ತಾಲ್ಲೂಕುಗಳ ಕುಟುಂಬಗಳು ಇದನ್ನೆಲ್ಲ ಸವಿಯಬೇಕೆಂದರೆ ಸದ್ಯಕ್ಕೆ ನೂರು ಕಿಲೋಮೀಟರಿನ ಆಸುಪಾಸು, ಪಾವಗಡದವರಾದರೆ ಇನ್ನೂ ಹೆಚ್ಚು, ಪ್ರಯಾಣ ಮಾಡಿ ಬೆಂಗಳೂರಿಗೇ ಹೋಗಬೇಕು. ಬೆಂಗಳೂರಿಗೆ ಜಪಾನೀಯರ ನಂಟು ಹತ್ತೊಂಬತ್ತನೆಯ ಶತಮಾನದ ಕೊನೆಯದು; ಜೆಮ್‌ಶೇಟ್‌ಜಿ ಟಾಟಾ ಬಸವನಗುಡಿಯ ಬಳಿ ತೆರೆದ ರೇಷ್ಮೆ ಫಾರ್ಮಿಗೆ ಜಪಾನಿನಿಂದ ತಜ್ಞರನ್ನು ಕರೆಸಿದ್ದರು. ರೇಷ್ಮೆಯ ಆ ಎಳೆ ಮುಂದುವರಿದು, 1991ರಿಂದ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾದ ನೆರವಿನಲ್ಲಿ ನಡೆದ ಬೈವೋಲ್ಟೀನ್ ರೇಷ್ಮೆತಳಿ ಯೋಜನೆಯ ಮೂಲಕ ರಾಜ್ಯದ ರೇಷ್ಮೆ ಬೆಳೆಗಾರರ ಹುಳುಮನೆಗಳನ್ನೂ ಮುಟ್ಟಿತು. ಆದರೆ ಜಪಾನೀ ಅಡುಗೆಮನೆಗಳು ನಗರದಲ್ಲಿ ತಳವೂರಿದ್ದು 1997ರಲ್ಲಿ ಬಿಡದಿಯ ಟೊಯೋಟಾ ಕಂಪನಿ ಸ್ಥಾಪನೆಯಾಗಿ, ಅದರ ಹಿಂದೆಯೇ ಬಂದ ಕಾರ್ಖಾನೆಗಳ ಎಂಜಿನಿಯರುಗಳ ಕುಟುಂಬಗಳಿಗೆ ಮನೆಯೂಟ ಬೇಕಾದ ಮೇಲೆ. ಈಚಿನ ಬೆಳವಣಿಗೆ ಬೇರೆ ಸ್ವರೂಪದ್ದು: ಕೊಡಗಿನ ಮೂಲದ ಬಾಣಸಿಗ ಕವನ್ ಕುಟ್ಟಪ್ಪ ಅವರು ಕೋವಿಡ್ ಕಾಲದಲ್ಲಿ ಮನೆಗಳಿಗೆ ರಾಮೆನ್ ತಲುಪಿಸುತ್ತ ಶುರುಮಾಡಿ, 2022ರಲ್ಲಿ ಶಾಂತಿನಗರದ ಕಡೆ ತೆರೆದ ನಾರು ನೂಡಲ್ ಬಾರ್, ಅದರ ಕೆಲವೇ ಆಸನಗಳು ವಾರದ ಬುಕಿಂಗ್ ತೆರೆದ ನಿಮಿಷಗಳಲ್ಲಿ ತುಂಬಿಹೋಗುವಷ್ಟು ಹೆಸರಾಯಿತು, ಮತ್ತು ಅಲ್ಲಿ ಉಣ್ಣುವವರು ಹೆಚ್ಚಾಗಿ ಜಪಾನೀಯರಲ್ಲ, ಊರಿನವರೇ. ಹಂದಿ ಮಾಂಸವನ್ನು ಹಬ್ಬದೂಟವಾಗಿ ಬಲ್ಲ, ಬಿದಿರಿನ ಮೊಳಕೆಯನ್ನು ಮಳೆಗಾಲದ ಪದಾರ್ಥವಾಗಿ ಉಣ್ಣುವ ಕೊಡಗಿನಿಂದ ರಾಮೆನ್ ಬಾಣಸಿಗರೊಬ್ಬರು ಬಂದದ್ದು ಆಕಸ್ಮಿಕವೇ ಇರಬಹುದು, ಆದರೂ ಹೊಂದುವ ಆಕಸ್ಮಿಕ. ತುಮಕೂರಿನಿಂದ ಶಿರಾ ಕಡೆಗೆ ಸಿಗುವ ವಸಂತನರಸಾಪುರದಲ್ಲಿ ಜಪಾನೀ ಕೈಗಾರಿಕಾ ಟೌನ್‌ಶಿಪ್‌ಗೆಂದು ಸುಮಾರು 500 ಎಕರೆ ಗೊತ್ತುಮಾಡಲಾಗಿದೆ. ಬಿಡದಿಯ ಉದಾಹರಣೆಯನ್ನು ನಂಬುವುದಾದರೆ ಕಾರ್ಖಾನೆಯ ಹಿಂದೆ ಊಟದ ಮನೆಯೂ ಬರಬೇಕು.

ಕುಟುಂಬವಾಗಿ ಹೋದಾಗ ಎದುರಾಗುವ ಮೊದಲ ತೊಡಕು ಹಂಚಿಕೊಳ್ಳುವುದರದು. ಜಪಾನಿನಲ್ಲಿ ರಾಮೆನ್ ಒಬ್ಬರಿಗೆ ಒಂದು ಬೋಗುಣಿಯ ಊಟ. ಬಡಿಸಿದ ಏಳೆಂಟು ನಿಮಿಷಗಳಲ್ಲಿ ಶ್ಯಾವಿಗೆ ಸಾರು ಹೀರಿ ಉಬ್ಬತೊಡಗುವುದರಿಂದ ಎಲ್ಲರೂ ಮಾತು ನಿಲ್ಲಿಸಿ, ಸುರ್ರೆಂದು ಎಳೆದು ಉಂಡು ಎದ್ದುಬಿಡುತ್ತಾರೆ. ಎಲ್ಲವನ್ನೂ ಎಲ್ಲರೂ ರುಚಿ ನೋಡಬೇಕೆನ್ನುವ ಇಲ್ಲಿನ ಕುಟುಂಬ ಆರು ಬೋಗುಣಿಗಳನ್ನು ಒಟ್ಟಿಗೆ ತರಿಸಿ ಸುತ್ತಿಸತೊಡಗಿದರೆ ಮೂರನೆಯವರ ಪಾಲಿಗೆ ಬರುವುದು ಮುದ್ದೆಯಾದ ಶ್ಯಾವಿಗೆ. ಸಣ್ಣ ಬಟ್ಟಲುಗಳನ್ನು ಮೊದಲೇ ಕೇಳಿಟ್ಟುಕೊಂಡು, ಎರಡೆರಡೇ ಬೋಗುಣಿಗಳನ್ನು, ಒಂದು ತಿಳಿಸಾರಿನದು, ಒಂದು ಬಿಳಿ ಸಾರಿನದು ಎಂಬಂತೆ, ಒಂದಾದ ಮೇಲೊಂದು ತರಿಸಿ ಬಂದ ಕೂಡಲೇ ಹಂಚಿಬಿಡುವುದು ಜಾಣತನ. ತಿಳಿಸಾರು ಮೊದಲು ಬರಬೇಕು, ತೊನ್‌ಕೊತ್ಸುವಿನ ಜಿಡ್ಡು ನಾಲಿಗೆಗೆ ಹತ್ತಿದ ಮೇಲೆ ಶಿಯೊದ ನವಿರು ರುಚಿ ತಿಳಿಯುವುದೇ ಇಲ್ಲ. ನಡುವಿನ ಬಿಡುವಿಗೆ ಗ್ಯೋಝಾ ಎಂಬ ಒಂದು ಬದಿ ಹೆಂಚಿನಲ್ಲಿ ಕೆಂಪಗೆ ಕಾಯಿಸಿದ ಹೂರಣದ ಕಡುಬು, ಕರಾಅಗೆ ಎಂಬ ಕರಿದ ಕೋಳಿ, ಉಪ್ಪುನೀರಿನಲ್ಲಿ ಸಿಪ್ಪೆಸಮೇತ ಬೇಯಿಸಿದ ಎದಮಾಮೆ ಎಂಬ ಹಸಿ ಸೋಯಾಕಾಯಿ ಸಿಗುತ್ತವೆ. ಇವುಗಳಿಗೆ ಆರಿಹೋಗುವ ಭಯವಷ್ಟೇ, ಉಬ್ಬುವ ಭಯವಿಲ್ಲ.

ಬಿಸಿ ತಾಳದ ಮಕ್ಕಳಿಗೆ ತ್ಸುಕೆಮೆನ್ ಒಳ್ಳೆಯದು. 1955ರಲ್ಲಿ ಟೋಕಿಯೊದ ತೈಶೋಕೆನ್ ಎಂಬ ಅಂಗಡಿಯಲ್ಲಿ ಕಜುಒ ಯಮಗಿಶಿ ಅವರು ಕೆಲಸಗಾರರ ಊಟವಾಗಿದ್ದುದನ್ನು ಗಿರಾಕಿಗಳಿಗೂ ಬಡಿಸತೊಡಗಿದ್ದರಿಂದ ಹುಟ್ಟಿದ ಈ ಬಗೆಯಲ್ಲಿ ಶ್ಯಾವಿಗೆ ತಣ್ಣಗೆ ಬೇರೆ ತಟ್ಟೆಯಲ್ಲಿರುತ್ತದೆ, ಗಟ್ಟಿ ಸಾರು ಬೇರೆ ಬಟ್ಟಲಲ್ಲಿರುತ್ತದೆ, ಎಳೆಗಳನ್ನು ಅದ್ದಿಕೊಂಡು ತಿನ್ನಬೇಕು. ಖಾರವಿಲ್ಲದ ಊಟ ಸಪ್ಪೆ ಎನ್ನುವ ಹಿರಿಯರಿಗೆ, ಮತ್ತು ಮಧುಗಿರಿ-ಪಾವಗಡ ಕಡೆ ಹಾಗೆನ್ನದವರು ವಿರಳ, ಅರೆದ ಎಳ್ಳು, ಮೆಣಸಿನಕಾಯಿ ಎಣ್ಣೆ, ಕೊಚ್ಚಿದ ಮಾಂಸ ಹಾಕಿದ ತಾನ್‌ತಾನ್‌ಮೆನ್ ಹಿಡಿಸುವ ಸಾಧ್ಯತೆ ಹೆಚ್ಚು. ಕೆಲವೆಡೆ ಇದರ ಮೇಲೆ ಕಡಲೆಕಾಯಿ ಬೀಜವನ್ನೂ ಉದುರಿಸುತ್ತಾರೆ. ಮೇಜಿನ ಮೇಲಿರುವ ಶಿಚಿಮಿ ಎಂಬ ಏಳು ಬಗೆಯ ಮಸಾಲೆಯ ಪುಡಿಯಲ್ಲಿ ಸಾನ್ಶೊ ಎಂಬ ಕಾಯಿಯ ಸಿಪ್ಪೆ ಸೇರಿರುತ್ತದೆ, ನಾಲಿಗೆ ಜುಮ್ಮೆನಿಸುವ ಇದು ಮಲೆನಾಡು-ಕರಾವಳಿಯ ಜುಮ್ಮನಕಾಯಿಯ ಕುಲದ್ದೇ.

ಸಸ್ಯಾಹಾರಿಗಳು ಹೆಚ್ಚು ಎಚ್ಚರದಿಂದ ಇರಬೇಕು. ಮೆನುವಿನಲ್ಲಿ ತರಕಾರಿ ರಾಮೆನ್ ಎಂದಿದ್ದರೂ ಅದರ ಮೇಲಿರುವುದಷ್ಟೇ ತರಕಾರಿಯಾಗಿದ್ದು, ಕೆಳಗಿನ ಸಾರು ಕೋಳಿಯದೋ, ದಾಶಿ ಒಣಮೀನಿನದೋ ಆಗಿರುವ ಸಂದರ್ಭಗಳುಂಟು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಮೇಲೆ ಏನಿದೆ ಎಂಬುದಲ್ಲ, ಸಾರು ಯಾವುದರದು ಎಂಬುದು. ಕೊಂಬು ಮತ್ತು ಒಣಗಿಸಿದ ಶಿತಾಕೆ ಅಣಬೆಗಳ ಸಾರಿಗೆ ಮಿಸೊ ಅಥವಾ ಸೋಯಾ ಹಾಲು ಬೆರೆಸಿ ಮಾಡುವ ಶುದ್ಧ ಸಸ್ಯಾಹಾರಿ ರಾಮೆನ್ ರುಚಿಯಲ್ಲಿ ಹಿಂದೆ ಬೀಳುವುದಿಲ್ಲ, ಒಣ ಅಣಬೆಯಲ್ಲಿ ಉಮಾಮಿಯ ಮೂರನೆಯ ಪದಾರ್ಥವಾದ ಗ್ವಾನಿಲೇಟ್ ಇದೆ. ಶಿರಾದಂಥ ಊರಿನ ಮುಸ್ಲಿಂ ಕುಟುಂಬಗಳಿಗೆ ಹಂದಿಯ ಜೊತೆಗೆ ಇನ್ನೊಂದು ವಿಚಾರಣೆಯೂ ಅಗತ್ಯ: ತಾರೆಗೆ ಮಿರಿನ್ ಅಥವಾ ಸಾಕೆ ಎಂಬ ಅಕ್ಕಿಯ ಮದ್ಯವನ್ನು ಸೇರಿಸುವುದು ಜಪಾನೀ ಅಡುಗೆಯಲ್ಲಿ ವಾಡಿಕೆ. ಹಸಿಮೀನಿನ ಭಯ ಮಾತ್ರ ಇಲ್ಲಿ ಅನವಶ್ಯಕ, ಅದು ಸುಶಿ, ಸಾಶಿಮಿಗಳ ವಿಷಯ.

ರಕ್ತದೊತ್ತಡ ಇರುವವರು ಅರಿಯಬೇಕಾದದ್ದು ಉಪ್ಪಿನ ಲೆಕ್ಕ. ಒಂದು ಬೋಗುಣಿಯನ್ನು ಸಾರಿನ ಸಮೇತ ಮುಗಿಸಿದರೆ 5ರಿಂದ 6 ಗ್ರಾಂ ಉಪ್ಪು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಮಿಗಿಂತ ಕಡಿಮೆ. ಉಪ್ಪಿನ ದೊಡ್ಡ ಪಾಲು ಸಾರಿನಲ್ಲೇ ಇರುವುದರಿಂದ ಶ್ಯಾವಿಗೆಯನ್ನು ಉಂಡು ಸಾರನ್ನು ಅರ್ಧ ಬಿಟ್ಟರೆ ಹೊರೆ ಬಹಳಷ್ಟು ಇಳಿಯುತ್ತದೆ, ಜಪಾನೀಯರಲ್ಲೂ ಎಷ್ಟೋ ಜನ ಹಾಗೆ ಬಿಡುವುದರಿಂದ ಅದು ಅಡುಗೆಯವರಿಗೆ ಮಾಡಿದ ಅವಮಾನವಾಗುವುದಿಲ್ಲ. ತಟ್ಟೆಯಲ್ಲಿ ಬಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ, ಅದರಲ್ಲೂ ಒಂದು ಬೋಗುಣಿಗೆ ಐನೂರು ರೂಪಾಯಿಗಿಂತ ಹೆಚ್ಚು ತೆತ್ತ ಹಿರಿಯರಿಗೆ, ಇದು ಕಷ್ಟವೆನಿಸಬಹುದು. ಜಪಾನಿನಲ್ಲೇ ರಾಮೆನ್‌ಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಮುನಿಯುತ್ತಾನೆಂಬ ಅಂಜಿಕೆ ಅಂಗಡಿಕಾರರಲ್ಲಿ ಬಹುಕಾಲ ಇತ್ತು. ಇಲ್ಲಿ ಹೊರನಾಡಿನಿಂದ ತರಿಸುವ ಕೊಂಬು, ಮಿಸೊಗಳ ಜೊತೆಗೆ ಬೆಂಗಳೂರಿನ ಅಂಗಡಿ ಬಾಡಿಗೆಯೂ ಸೇರಿ ಕೂಲಿಕಾರರ ಊಟ ಉಳ್ಳವರ ಊಟವಾಗಿದೆ.

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಿಕೊಳ್ಳುವ ಆಲೋಚನೆ ರಾಮೆನ್‌ನ ಮಟ್ಟಿಗೆ ಫಲಿಸುವುದಿಲ್ಲ. ಒಮ್ಮೆ ಸಾರಿಗೆ ಬಿದ್ದ ಶ್ಯಾವಿಗೆ ದಾಬಸ್‌ಪೇಟೆ ದಾಟುವುದರೊಳಗೆ ಗಂಜಿಯಾಗಿರುತ್ತದೆ. ಪಾರ್ಸೆಲ್ ಕೊಡುವ ಹೋಟೆಲುಗಳು ಶ್ಯಾವಿಗೆ, ಸಾರು, ಎಣ್ಣೆಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಕಟ್ಟುತ್ತವೆ, ಅದೂ ನಗರದೊಳಗಿನ ಅರ್ಧ ಗಂಟೆಯ ದೂರವನ್ನು ಲೆಕ್ಕದಲ್ಲಿಟ್ಟುಕೊಂಡು. ಕೊರಟಗೆರೆಯಲ್ಲೋ ಪಾವಗಡದಲ್ಲೋ ಮನೆಯಲ್ಲಿ ಉಳಿದವರಿಗೆ ತರಬೇಕೆಂದಿದ್ದರೆ ಗ್ಯೋಝಾ ಕಟ್ಟಿಸಿಕೊಳ್ಳಬಹುದು, ಊರು ಮುಟ್ಟಿದ ಮೇಲೆ ಹೆಂಚಿನ ಮೇಲೆ ಇನ್ನೊಮ್ಮೆ ಕಾಯಿಸಿದರೆ ಅದರ ತಳ ಮತ್ತೆ ಗರಿಗರಿಯಾಗುತ್ತದೆ.